ಮೂರನೇ ಸಾಲಿನ ಪಿಟೀಲು

ಸೆಪ್ಟೆಂಬರ್ ೧೪

ತಂಗೀ,

ದೇವರ ದಯೆಯಿಂದ ನಾವು ಮೂವರೂ ಎದ್ದು ಓಡಾಡಿಕೊಂಡಿದ್ದೇವೆ. ನಿನ್ನ ಸೊಂಟನೋವು ಹೇಗಿದೆ, ಮೊದಲು ಅದನ್ನು ಬರೆ. ಫೋನಿನಲ್ಲಾದರೆ ಸಿಗುವ ಮೂರು ನಿಮಿಷದಲ್ಲಿ ಎರಡು ನಿಮಿಷ ನೀನು ಅಳುತ್ತೀಯ, ಒಂದು ನಿಮಿಷ ನಾನು ಬೈಯುತ್ತೇನೆ. ಕಾಗದವೇ ವಾಸಿ.

ಒಂದು ಸುದ್ದಿ ಇದೆ. ನಿನ್ನ ಮಗಳು ಮನೆಗೆ ಪಿಟೀಲು ತಂದಿದ್ದಾಳೆ.

ಹೆದರಬೇಡ, ಕೊಂಡದ್ದಲ್ಲ. ಊರಿನ ಸಿಂಫನಿ ಆರ್ಕೆಸ್ಟ್ರಾ ಇದೆಯಲ್ಲ, ಅರವತ್ತು ಜನ ಕರಿ ಬಟ್ಟೆ ಹಾಕಿಕೊಂಡು ದೊಡ್ಡ ಸಭಾಂಗಣದಲ್ಲಿ ಕೂತು ನುಡಿಸುತ್ತಾರಲ್ಲ, ಅವರು ಈ ವರ್ಷದಿಂದ ನಮ್ಮ ಕಡೆಯ ಶಾಲೆಗೂ ಬಂದು ಮಕ್ಕಳಿಗೆ ಬಿಟ್ಟಿಯಾಗಿ ಕಲಿಸುತ್ತಾರಂತೆ. ಅವರ ಸಂಗೀತ ಊರಿನ ಆ ಮಗ್ಗುಲಿನವರಿಗೆ ಮಾತ್ರ ಎಂದುಕೊಂಡಿದ್ದೆವು. ನಮಗೆ ಗೊತ್ತಿದ್ದದ್ದು ಅವರ ಬಟ್ಟೆ ಮಾತ್ರ.

ಹನ್ನೊಂದು ವರ್ಷದಿಂದ ಲಾಂಡ್ರಿಯಲ್ಲಿ ಅವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೇನೆ. ಮುಖ ನೋಡಿದವಳಲ್ಲ, ಆದರೆ ಬಟ್ಟೆ ನೋಡಿ ಯಾರು ಏನು ನುಡಿಸುತ್ತಾರೆ ಎಂದು ಹೇಳಬಲ್ಲೆ. ತುತ್ತೂರಿಯವರ ಷರ್ಟಿನ ಎದೆಯ ಮೇಲೆ ಎಂಜಲ ಕಲೆ. ಪಿಟೀಲಿನವರ ಕಾಲರು ಎಡಗಡೆ ಸವೆದಿರುತ್ತದೆ. ಅಲ್ಲದೆ ಕರಿ ಬಟ್ಟೆಯ ಮೇಲೆಲ್ಲ ಬಿಳಿ ಪುಡಿ. ಕಮಾನಿಗೆ ರಾಳ ತಿಕ್ಕುತ್ತಾರೆ. ತಿಕ್ಕದಿದ್ದರೆ ಕಮಾನು ತಂತಿಯ ಮೇಲೆ ಜಾರುತ್ತದೆಯೇ ಹೊರತು ದನಿ ಬರುವುದಿಲ್ಲ. ನುಡಿಸುವಾಗ ಆ ರಾಳ ಹಿಟ್ಟಿನ ಹಾಗೆ ಉದುರಿ ತೋಳಿಗೂ ತೊಡೆಗೂ ಹತ್ತುತ್ತದೆ. ಬ್ರಷ್ಷು ಹಾಕದೆ ಇಸ್ತ್ರಿ ಇಟ್ಟೆನೋ, ಅಂಟಿ ಕೂತುಬಿಡುತ್ತದೆ. ಚೆನ್ನಾಗಿ ನುಡಿಸುವವರನ್ನೆಲ್ಲ ಇಷ್ಟು ವರ್ಷ ಮನಸ್ಸಿನಲ್ಲೇ ಬೈದಿದ್ದೇನೆ. ದೇವರು ಕ್ಷಮಿಸಲಿ.

ಇಪ್ಪತ್ತೆರಡು ಮಕ್ಕಳು. ಶನಿವಾರ ಶನಿವಾರ ಪಾಠ. ಮೇ ತಿಂಗಳಲ್ಲಿ ದೊಡ್ಡ ಸಭಾಂಗಣದಲ್ಲಿ ಕಛೇರಿ. ಅದರಲ್ಲಿ ಕೂತು ನುಡಿಸಿದವರು ಪಿಟೀಲಿನ ಎರಡನೇ ತರಗತಿಗೆ ಹೋಗುತ್ತಾರೆ, ಪಿಟೀಲು ಇನ್ನೊಂದು ವರ್ಷ ಅವರ ಮನೆಯಲ್ಲೇ ಇರುತ್ತದೆ. ಆಗದವರು ವಾಪಸು ಕೊಡಬೇಕು. ಕಾದು ಕೂತ ಬೇರೆ ಮಕ್ಕಳಿದ್ದಾರೆ.

ಚೋಟಿ ಅದನ್ನು ಶಾಲೆಯಿಂದ ಕೂಸಿನ ಹಾಗೆ ಎತ್ತಿಕೊಂಡು ಬಂದಳು. ಹುಟ್ಟಿದಾಗ ಚೋಟುದ್ದ ಇದ್ದವಳು, ಹತ್ತು ವರ್ಷವಾದರೂ ಪೆಟ್ಟಿಗೆಯೇ ಅವಳಿಗಿಂತ ದೊಡ್ಡದಾಗಿ ಕಾಣುತ್ತದೆ. ಸಂಜೆ ಮೊದಲ ಸಲ ಎಳೆದಳು ನೋಡು, ನಿನ್ನ ಭಾವ ಬಚ್ಚಲಿಗೆ ಓಡಿದರು. “ಯಾವ ಪೈಪು ಒಡೀತು?” ಅಂತ. ಮೂವತ್ತು ವರ್ಷ ನಲ್ಲಿ ರಿಪೇರಿ ಮಾಡಿದ ಕಿವಿ. ಚೋಟಿ ಬಿದ್ದು ಬಿದ್ದು ನಕ್ಕಳು. ನೀನು ಕೆಲಸಕ್ಕೆ ಹೋದ ಮೇಲೆ ಅಷ್ಟು ನಕ್ಕಿದ್ದು ಇದೇ ಮೊದಲು.

ದೇವರು ಒಳ್ಳೆಯದು ಮಾಡಲಿ.

ಅಕ್ಕ


ಅಕ್ಟೋಬರ್ ೨

ಅಕ್ಕಾ,

ಸೊಂಟ ಇದ್ದಲ್ಲೇ ಇದೆ, ಅದರ ಮಾತು ಬಿಡು. ನಿನ್ನ ಕಾಗದ ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದೇಹೋಯಿತು. ನಮ್ಮ ವೃದ್ಧಾಶ್ರಮದ ಅಜ್ಜ ಅಜ್ಜಿಯರಿಗೆಲ್ಲ ಓದಿ ಹೇಳಿದೆ. ಕಿವುಡಜ್ಜನಿಗೆ ಹೇಳಿದ ಮೇಲೆ ಆ ಬೀದಿಗೆಲ್ಲ ಗೊತ್ತಾಯಿತು, ಅಷ್ಟು ಕೂಗಬೇಕು. ಹೆಡ್ ಮೇಡಂ ಅಜ್ಜಿ ಮೂವತ್ತೈದು ವರ್ಷ ಶಾಲೆ ನಡೆಸಿದವರು. “ಮಗಳನ್ನ ಹೊಗಳಬೇಡ, ಅಭ್ಯಾಸ ಮಾಡಿಸು” ಎಂದರು. ನಾನು ಇಲ್ಲಿದ್ದುಕೊಂಡು ಏನು ಮಾಡಿಸಲಿ? ರಜೆಯೂ ಕೊಡುವುದಿಲ್ಲ.

ಅಕ್ಕಾ, ಎಂಟು ವರ್ಷದವಳನ್ನು ನಿನ್ನ ಕೈಗೆ ಹಾಕಿ ಎರಡು ದಿನದ ರೈಲು ದಾರಿ ಬಂದೆ. ಅವಳ ಅಪ್ಪ ತೀರಿಕೊಂಡ ಮೇಲೆ ಬೇರೆ ದಾರಿ ಇರಲಿಲ್ಲ, ನಿನಗೇ ಗೊತ್ತು. ಇಲ್ಲಿ ಯಾರದೋ ತಾಯಂದಿರ ತಲೆ ಬಾಚುತ್ತೇನೆ, ನನ್ನ ಮಗಳ ತಲೆ ನೀನು ಬಾಚುತ್ತೀಯ. ಅವಳು ಆ ವೇದಿಕೆಯ ಮೇಲೆ ಕೂತುಬಿಟ್ಟರೆ, ನಾನು ದೂರ ಇದ್ದದ್ದು ದಂಡವಾಗಲಿಲ್ಲ ಎಂದುಕೊಳ್ಳುತ್ತೇನೆ.

ಪಾಠ ಹೇಳುವ ಮೇಡಂ ವಿಳಾಸ ಸಿಕ್ಕರೆ ಬರೆ. ಸುಮ್ಮನೆ, ಒಂದು ನಮಸ್ಕಾರ ಬರೆಯೋಣವೆಂದು.

ನಿನ್ನ ತಂಗಿ


ಜನವರಿ ೧೮

ತಂಗೀ,

ತಡವಾಯಿತು. ಹೋಟೆಲುಗಳ ಹಾಸಿಗೆ ಬಟ್ಟೆ ರಾಶಿ ಬಂದು ಬಿದ್ದಿತ್ತು, ಬೆರಳು ಮಡಚಲು ಆಗುತ್ತಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಚೋಟಿ ಹಿಂದೆ ಬಿದ್ದಿದ್ದಾಳೆ. ಕಳೆದ ಶನಿವಾರ ಅರ್ಧ ದಿನ ರಜೆ ಹಾಕಿ ಹೋಗಿ, ಶಾಲೆಯ ಕಿಟಕಿಯ ಹೊರಗೆ ನಿಂತು ನೋಡಿದೆ. ಮೇಜುಗಳನ್ನು ಗೋಡೆಗೆ ಒತ್ತಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಪಿಟೀಲು ಮೇಡಂ ಒಬ್ಬೊಬ್ಬರ ಮೊಣಕೈ ಹಿಡಿದು ತಿದ್ದುತ್ತಾರೆ. ಮೂವತ್ತರ ಆಸುಪಾಸು, ತೆಳ್ಳಗಿದ್ದಾರೆ, ನಕ್ಕರೆ ಮಾತ್ರ ಕೋಣೆ ತುಂಬುತ್ತದೆ. ಇಪ್ಪತ್ತೆರಡು ಕಮಾನೂ ಒಟ್ಟಿಗೆ ಮೇಲೆ ಹೋಗಿ ಒಟ್ಟಿಗೆ ಕೆಳಗೆ ಬರಬೇಕು, ಅದು ಮೇಳದ ಶಿಸ್ತಂತೆ. ಅದರಲ್ಲಿ ಚೋಟಿಯದು ತಪ್ಪಿಲ್ಲ. ಎಡಗೈಯದೇ ತಕರಾರು. ಬೆರಳು ಬೀಳಬೇಕಾದ ಕಡೆಯಿಂದ ಒಂದು ಕಾಳಿನಷ್ಟು ಆಚೆ ಬೀಳುತ್ತದೆ. ಅಷ್ಟಕ್ಕೇ ಸ್ವರ ಸೊಟ್ಟಗಾಗುತ್ತದೆ.

ಪಾಠ ಮುಗಿದ ಮೇಲೆ ಕೇಳಿದೆ.

“ಮೇಡಂ, ಮೇ ತಿಂಗಳಿಗೆ ಇವಳು ಆಗ್ತಾಳಾ?”

“ಅಮ್ಮ, ಇವಳ ಕಿವಿ ತುಂಬ ಚೆನ್ನಾಗಿದೆ. ತಪ್ಪು ನುಡಿಸಿದಾಗ ಮುಖ ನೋಡಿ, ಅವಳಿಗೇ ಮೊದಲು ಗೊತ್ತಾಗಿರುತ್ತೆ. ಕೈಗೆ ಇನ್ನೂ ಸ್ವಲ್ಪ ಕಾಲ ಬೇಕು.”

“ಸ್ವಲ್ಪ ಅಂದ್ರೆ?”

“ಅದನ್ನ ನಾನು ಹೇಳೋಕಾಗಲ್ಲಮ್ಮ.”

ದಿನಾ ಒಂದು ಗಂಟೆ ಅಭ್ಯಾಸ ಮಾಡುತ್ತಾಳೆ. ನಿನ್ನ ಭಾವ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ, ಆದರೆ ಎದ್ದು ಹೋಗುವುದಿಲ್ಲ, ಅಷ್ಟು ಮರ್ಯಾದೆ ಇದೆ. ನಾನು ಪ್ರಾರ್ಥನೆಯಲ್ಲಿ ಅವಳ ಬೆರಳುಗಳನ್ನೂ ಸೇರಿಸಿಕೊಂಡಿದ್ದೇನೆ. ಆಗದಿದ್ದರೆ ಬೇಡ, ಮುಂದೆ ನೋಡೋಣ. ಮೇಡಂ ವಿಳಾಸ ಹಿಂದುಗಡೆ ಬರೆದಿದ್ದೇನೆ.

ದೇವರು ಒಳ್ಳೆಯದು ಮಾಡಲಿ.

ಅಕ್ಕ


ಫೆಬ್ರವರಿ ೬

ಅಕ್ಕಾ,

“ಆಗದಿದ್ದರೆ ಬೇಡ” ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ! ನೀನು ಮೊದಲಿನಿಂದಲೂ ಹೀಗೇ. ಏಳನೇ ತರಗತಿಗೆ ನಿನ್ನನ್ನು ಶಾಲೆ ಬಿಡಿಸಿದಾಗಲೂ “ದೇವರ ಇಚ್ಛೆ” ಎಂದು ಪುಸ್ತಕ ಕಟ್ಟಿಟ್ಟೆ. ಹಾಗೆಂದು ದೇವರು ಬಂದು ನಿನ್ನ ಕಿವಿಯಲ್ಲಿ ಹೇಳಿದ್ದನೇನು? ಅಪ್ಪ ಹೇಳಿದ್ದು.

ಅವಳನ್ನು ನಿಜವಾಗಿ ಅಭ್ಯಾಸಕ್ಕೆ ಬಿಡುತ್ತೀಯೋ, ಇಲ್ಲ ನಿನ್ನ ಜೊತೆ ಷರ್ಟು ಮಡಚಲು ಕೂರಿಸಿಕೊಳ್ಳುತ್ತೀಯೋ? ಇಲ್ಲಿ ಎಲ್ಲರೂ ಮೇ ತಿಂಗಳು ಕಾಯುತ್ತಿದ್ದಾರೆ. ಹೆಡ್ ಮೇಡಂ ಅಜ್ಜಿ ದಿನಾ ಕೇಳುತ್ತಾರೆ. ನಾನು “ಮೊದಲ ಸಾಲಿನಲ್ಲೇ ಕೂರುತ್ತಾಳಂತೆ” ಎಂದುಬಿಟ್ಟಿದ್ದೇನೆ.

ತಂಗಿ


ಮೇ ೧೦

ತಂಗೀ,

ಮೂರು ತಿಂಗಳು ಬರೆಯಲಿಲ್ಲ. ನಿನ್ನ ಕಾಗದ ಓದಿ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಷರ್ಟು ಮಡಚಿಯೇ ನಿನ್ನ ಮಗಳಿಗೆ ಚಪ್ಪಲಿ ಕೊಡಿಸಿದ್ದು. ಇರಲಿ, ಈಗ ಸಿಟ್ಟಿಲ್ಲ. ಇವತ್ತು ಯಾರ ಮೇಲೂ ಸಿಟ್ಟಿಲ್ಲ.

ನಿನ್ನೆ ಚೋಟಿ ದೊಡ್ಡ ಸಭಾಂಗಣದಲ್ಲಿ ಕೂತು ನುಡಿಸಿದಳು!

ಮಾರ್ಚ್ ಮುಗಿದರೂ ಮೇಡಂ “ನೋಡೋಣ, ನೋಡೋಣ” ಎನ್ನುತ್ತಿದ್ದರು. ಏಪ್ರಿಲಿನಲ್ಲಿ ಒಂದು ಶನಿವಾರ ಇದ್ದಕ್ಕಿದ್ದ ಹಾಗೆ “ಇವಳೂ ಕೂರಲಿ” ಎಂದರು. ಅವರ ಬಾಯಲ್ಲಿ ದೇವರೇ ಹಾಗೆ ನುಡಿಸಿದ ಎಂದುಕೊಂಡೆ.

ಮೇಳದವರೇ ಮಕ್ಕಳಿಗೆ ಕರಿ ಬಟ್ಟೆ ಕೊಟ್ಟಿದ್ದರು, ಒಂದೊಂದಕ್ಕೂ ನಂಬರಿನ ಪಟ್ಟಿ ಹೊಲಿದು. ನಮ್ಮವಳದು ಹದಿನೇಳು. ಮೂರನೇ ಸಾಲು, ಎಡಗಡೆಯಿಂದ ಎರಡನೆಯವಳು. ಹಿಂದುಗಡೆ ದೊಡ್ಡ ಮೇಳ ಅರ್ಧಚಂದ್ರಾಕಾರವಾಗಿ ಕೂತಿತ್ತು. ಇಷ್ಟು ವರ್ಷ ನಾನು ಇಸ್ತ್ರಿ ಮಾಡಿದ ಕೋಟುಗಳೊಳಗೆ ಮನುಷ್ಯರನ್ನು ನೋಡಿದ್ದು ನಿನ್ನೆಯೇ. ಬೆಳಗ್ಗೆ ಮೇಡಂ ಎಲ್ಲರ ಕಮಾನನ್ನೂ ಒಳಗೆ ತೆಗೆದುಕೊಂಡು ಹೋಗಿ, ಪರೀಕ್ಷೆ ಮಾಡಿ ವಾಪಸು ಕೊಟ್ಟರಂತೆ, ಅಷ್ಟು ಮುತುವರ್ಜಿ. ಮೇಳಕ್ಕೆ ತಾಳ ತೋರಿಸಲು ಕಡ್ಡಿ ಆಡಿಸುವ ದೊಡ್ಡ ಮನುಷ್ಯರು ಬಂದು ನಿಂತರು. ನಿನ್ನ ಭಾವ, “ಇಷ್ಟು ಜನ ಬೆವರು ಸುರಿಸ್ತಾರೆ, ಚಪ್ಪಾಳೆ ಮಾತ್ರ ಏನೂ ನುಡಿಸದೆ ಇರೋನಿಗೆ” ಎಂದರು. ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ಚಿವುಟಿದೆ.

ಇಪ್ಪತ್ತೆರಡು ಕಮಾನು ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು. ಚೋಟಿ ಒಂದು ಸಲವೂ ಲಯ ತಪ್ಪಲಿಲ್ಲ. ನಾನು ಅತ್ತುಬಿಟ್ಟೆ. ಅವಳು ನೋಡಿದಳು ಎಂದು ಕಾಣುತ್ತದೆ.

ಮನೆಗೆ ಬಂದ ಮೇಲೆ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಮಲಗಿದಳು. ಸುಸ್ತು ಪಾಪ.

ಮುಂದಿನ ಭಾನುವಾರ ಸಂಜೆ ನಾಲ್ಕು ಗಂಟೆಗೆ ಇದನ್ನು ರೇಡಿಯೋದಲ್ಲಿ ಹಾಕುತ್ತಾರಂತೆ. ನಿಮ್ಮ ಕಡೆಯೂ ಸಿಗುತ್ತದಂತೆ. ಎಲ್ಲರನ್ನೂ ಕೂರಿಸಿ ಕೇಳಿಸು.

ದೇವರು ದೊಡ್ಡವನು. ದೇವರು ಒಳ್ಳೆಯದು ಮಾಡಲಿ.

ಅಕ್ಕ


ಮೇ ೧೮

ಅಕ್ಕಾ ಅಕ್ಕಾ,

ಕೇಳಿದೆ! ಊಟದ ಕೋಣೆಯಲ್ಲಿ ಹದಿನಾಲ್ಕು ಜನ ರೇಡಿಯೋ ಸುತ್ತ ಕೂತಿದ್ದೆವು. ಗಾಲಿಕುರ್ಚಿಯವರನ್ನೆಲ್ಲ ಮುಂದೆ ತಂದೆ. ಮಕ್ಕಳ ಮೇಳ ಶುರುವಾದಾಗ ನಾನು ಕಣ್ಣು ಮುಚ್ಚಿದೆ. ಮೂರನೇ ಸಾಲು, ಎಡಗಡೆಯಿಂದ ಎರಡನೆಯವಳು ಎಂದು ನೀನು ಬರೆದಿದ್ದೆಯಲ್ಲ, ಅಲ್ಲಿಗೇ ಕಿವಿ ಇಟ್ಟೆ. ಅಕ್ಕಾ, ನನ್ನ ಮಗಳ ದನಿ ನನಗೆ ಬೇರೆಯಾಗಿ ಕೇಳಿಸಿತು. ನಡುವೆ ಒಂದು ಕಡೆ ಎಲ್ಲರೂ ತಗ್ಗಿದಾಗ ತೆಳ್ಳಗೆ ಒಂದು ಎಳೆ ಮೇಲೆ ಹೋಯಿತು ನೋಡು, ಅದು ಅವಳೇ. ಆಣೆ ಮಾಡಿ ಹೇಳುತ್ತೇನೆ. ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ?

“ಅದೋ ಅದೋ, ಅದೇ ನನ್ನ ಮಗಳು” ಎಂದು ಕೂಗಿದೆ. ಕಿವುಡಜ್ಜ ಕೂಡ ತಲೆ ಆಡಿಸಿದರು. ಹೆಡ್ ಮೇಡಂ ಅಜ್ಜಿ ನನ್ನ ಕೈ ಹಿಡಿದುಕೊಂಡರು. ಎರಡು ವರ್ಷದಲ್ಲಿ ಈ ಮನೆಯಲ್ಲಿ ನಾನು ಆಯಾ ಅಲ್ಲದೆ ಬೇರೇನೋ ಆದದ್ದು ಆ ಹತ್ತು ನಿಮಿಷ.

ಫೆಬ್ರವರಿಯ ಕಾಗದ ಹರಿದುಹಾಕು ಅಕ್ಕಾ. ನಿನ್ನ ಕಾಲು ಹಿಡಿಯುತ್ತೇನೆ. ಇದನ್ನು ಚೋಟಿಗೆ ಪೂರ್ತಿ ಓದಿ ಹೇಳು.

ತಂಗಿ


ಜೂನ್ ೩

ತಂಗಿಗೆ,

ಕಾಗದ ತಲುಪಿತು. ಚೋಟಿಗೆ ಓದಿ ಹೇಳಿದೆ. ಎಲ್ಲರೂ ಚೆನ್ನಾಗಿದ್ದೇವೆ. ಇಲ್ಲಿ ಸೆಕೆ ಜಾಸ್ತಿ. ಅವಳ ಹೆಸರು ಎರಡನೇ ತರಗತಿಯ ಪಟ್ಟಿಯಲ್ಲಿದೆ. ಲಾಂಡ್ರಿಯಲ್ಲಿ ಹೊಸ ಯಂತ್ರ ಬಂದಿದೆ.

ಅಕ್ಕ


ಜೂನ್ ೧೪

ಅಕ್ಕಾ,

ಇದೇನು ಕಾಗದವೋ ತಂತಿಯೋ? ನನ್ನ ಮಗಳು ರೇಡಿಯೋದಲ್ಲಿ ಬಂದಳು ಎಂದರೆ ನೀನು ಯಂತ್ರ ಬಂತು ಎನ್ನುತ್ತೀಯ. ಕೊನೆಗೆ “ದೇವರು ಒಳ್ಳೆಯದು ಮಾಡಲಿ” ಕೂಡ ಇಲ್ಲ. ಮೂವತ್ತು ವರ್ಷದಲ್ಲಿ ಆ ಸಾಲು ಇಲ್ಲದೆ ನೀನು ನನಗೆ ಬರೆದದ್ದಿಲ್ಲ. ಭಾವನಿಗೆ ಹುಷಾರಿಲ್ಲವೇ? ನಿನಗೇ ಏನಾದರೂ ಆಗಿದೆಯೇ? ಫೆಬ್ರವರಿಯ ಮಾತು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದ್ದರೆ ಬೈದುಬಿಡು. ಹೀಗೆ ಮಾತ್ರ ಬರೆಯಬೇಡ.

ತಂಗಿ


ಜೂನ್ ೨೮

ತಂಗೀ,

ಯಾರಿಗೂ ಏನೂ ಆಗಿಲ್ಲ. ಆ ಸಾಲು ಬರೆಯಲು ಕೈ ಬರಲಿಲ್ಲ, ಅಷ್ಟೆ. ದೇವರ ಹೆಸರಿನ ಕೆಳಗೆ ಸುಳ್ಳು ಹೇಗೆ ಇಡಲಿ? ಈಗ ಎಲ್ಲ ಬರೆಯುತ್ತೇನೆ. ಕೂತುಕೊಂಡು ಓದು.

ಕಛೇರಿಯಾದ ಸೋಮವಾರ ಮಕ್ಕಳ ಕರಿ ಬಟ್ಟೆಯ ಗಂಟು ನಮ್ಮ ಲಾಂಡ್ರಿಗೇ ಬಂತು. ಸಂಭ್ರಮದಿಂದ ನಾನೇ ಬಿಚ್ಚಿದೆ. ಒಂದೊಂದನ್ನೂ ಕೊಡವಿ ಬ್ರಷ್ಷು ಹಾಕಬೇಕಿತ್ತು. ಹಿಟ್ಟಿನ ಗಿರಣಿಗೆ ಹೋಗಿ ಬಂದ ಹಾಗಿದ್ದವು ಬಟ್ಟೆಗಳು. ಹದಿನೇಳನೇ ನಂಬರು ಕೈಗೆ ಬಂತು. ತೋಳು ನೋಡಿದೆ, ತೊಡೆಯ ಭಾಗ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಒಂದು ಚಿಟಿಕೆ ಪುಡಿ ಇರಲಿಲ್ಲ. ನಮ್ಮ ಹುಡುಗಿ ಅಚ್ಚುಕಟ್ಟು, ಕೊಡವಿ ಕೊಟ್ಟಿದ್ದಾಳೆ ಎಂದುಕೊಂಡೆ. ಆಮೇಲೆ ಇನ್ನೂ ಮೂರು ಹಾಗೇ ಸಿಕ್ಕವು. ಹದಿನೆಂಟು ಬಟ್ಟೆಗಳಲ್ಲಿ ರಾಳ, ನಾಲ್ಕು ಬಟ್ಟೆಗಳಲ್ಲಿ ಏನೂ ಇಲ್ಲ. ಹನ್ನೊಂದು ವರ್ಷ ಈ ಕೆಲಸ ಮಾಡಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆ ಚೋಟಿ ಆಟಕ್ಕೆ ಹೋಗಿದ್ದಾಗ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ಕಮಾನು ತೆಗೆದೆ. ಅದಕ್ಕೆ ಬಿಗಿದ ಕುದುರೆ ಕೂದಲ ಮೇಲೆ ಬೆರಳಾಡಿಸಿದೆ, ನುಣ್ಣಗೆ ಜಾರಿತು. ಮೂಸಿದೆ. ಬಟ್ಟೆ ಸೋಪು. ಘಮಘಮಿಸುವ ಮೈಸೋಪಲ್ಲ, ಹಳದಿ ಬಾರ್ ಸೋಪು. ಜೀವಮಾನವಿಡೀ ಮೂಸಿದ ಮೂಗು, ಮೋಸ ಹೋಗುವುದಿಲ್ಲ.

ತಂಗೀ, ಅವಳ ಕಮಾನಿಗೆ ಸೋಪು ಸವರಿದ್ದರು. ಕೈ ಆಡುತ್ತದೆ, ದನಿ ಬರುವುದಿಲ್ಲ. ನೀನು ರೇಡಿಯೋದಲ್ಲಿ ಕೇಳಿದ್ದು ಅವಳನ್ನಲ್ಲ.

ಇದನ್ನು ಬರೆಯಬೇಕೆಂದು ಕೂತಾಗಲೇ ನಿನ್ನ ಕಾಗದ ಬಂತು. “ಅದೇ ನನ್ನ ಮಗಳು ಎಂದು ಕೂಗಿದೆ” ಎಂದು. ಪೆನ್ನು ಕೆಳಗಿಟ್ಟೆ. ಒಂದು ತಿಂಗಳು ಪ್ರಾರ್ಥನೆಗೆ ಕೂತರೂ ಅರ್ಧದಲ್ಲೇ ಎದ್ದುಬರುತ್ತಿದ್ದೆ.

ಹೋದ ವಾರ ಮೇಡಂ ಅವರನ್ನು ಹುಡುಕಿಕೊಂಡು ಮೇಳದ ಆಫೀಸಿಗೆ ಹೋದೆ. ಸಭಾಂಗಣದ ಹಿಂದೆ ಚಿಕ್ಕ ಕೋಣೆ, ಗೋಡೆ ತುಂಬ ಮಕ್ಕಳ ಪಿಟೀಲು ನೇತುಹಾಕುವ ಮೊಳೆ, ಮುಕ್ಕಾಲು ಖಾಲಿ. ನೇರವಾಗಿ ಕೇಳಿದೆ.

“ಮೇಡಂ, ನಮ್ಮ ಹುಡುಗಿ ಕಮಾನಿಗೆ ಸೋಪು ಹಾಕಿದ್ದು ಯಾರು?”

ಅವರು ಕುರ್ಚಿ ಎಳೆದರು. “ನಾನೇ ಅಮ್ಮ. ಕೂತ್ಕೊಳ್ಳಿ.”

“ನಿಂತೇ ಇರ್ತೀನಿ, ಅಭ್ಯಾಸ ಇದೆ.”

“ನಾಲ್ಕು ಮಕ್ಕಳನ್ನ ಕೆಳಗೆ ಕೂರಿಸಬೇಕಿತ್ತಮ್ಮ. ಅವರ ಜೊತೆಯವರು ಮೇಲೆ, ಇವರು ಕೆಳಗೆ. ನನ್ನ ಕೈಲಿ ಆಗಲಿಲ್ಲ. ರೇಡಿಯೋದವರು ಬೇರೆ ಬಂದಿದ್ರು. ವೇದಿಕೆ ತುಂಬಿ ಕಾಣಲಿ ಅಂತ ಹಿಂದಿನ ಕಾಲದಲ್ಲಿ ದೊಡ್ಡವರಿಗೂ ಹೀಗೆ ಮಾಡೋರಂತೆ. ಯಾರಿಗೂ ನೋವಾಗಲ್ಲ ಅಂದ್ಕೊಂಡೆ.”

“ಪ್ರಾರ್ಥನೆಯಲ್ಲಿ ಬರೀ ತುಟಿ ಆಡಿಸೋರನ್ನ ನಾನು ಬೇಕಾದಷ್ಟು ನೋಡಿದೀನಿ ಮೇಡಂ. ಅವರು ತಾವಾಗೇ ಆಡಿಸ್ತಾರೆ. ಇನ್ನೊಬ್ಬರ ಬಾಯಿಗೆ ಬಟ್ಟೆ ತುರುಕಿ ಹಾಡು ಅಂದಿದ್ದು ನೀವೇ ಮೊದಲು.”

ಅವರು ಅತ್ತರು. ನನಗೂ ಕಷ್ಟವಾಯಿತು, ಕೆಟ್ಟ ಹುಡುಗಿಯಲ್ಲ ಅವಳು. ಕಣ್ಣು ಒರೆಸಿಕೊಂಡು ಹೇಳಿದರು: “ದಯವಿಟ್ಟು ಮಗೂಗೆ ಹೇಳಬೇಡಿ. ಕಮಾನಿಗೆ ಹೊಸ ಕೂದಲು ಹಾಕಿಸ್ತೀನಿ. ರಜೆಯಲ್ಲಿ ನಾನೇ ಮನೆಗೆ ಬಂದು ಪಾಠ ಹೇಳ್ತೀನಿ. ಎರಡನೇ ತರಗತಿಗೆ ಸೇರಿಕೊಳ್ಳಲಿ. ವಿಷಯ ಹೊರಗೆ ಬಂದ್ರೆ, ಕಛೇರಿಯಲ್ಲಿ ನುಡಿಸಲಿಲ್ಲ ಅಂತ ಲೆಕ್ಕ. ನಿಯಮದ ಪ್ರಕಾರ ಪಿಟೀಲು ವಾಪಸ್ ತಗೋಬೇಕಾಗುತ್ತೆ.”

ಬಾಗಿಲ ಹತ್ತಿರ ಬಂದಾಗ ಇನ್ನೊಂದು ಮಾತು ಹೇಳಿದರು. “ಮಿಕ್ಕ ಮೂವರ ವಿಷಯ ನಾನೇ ಯೋಚಿಸಿದ್ದು. ನಿಮ್ಮ ಹುಡುಗಿಯನ್ನ ಮುಂದಿನ ವರ್ಷಕ್ಕೆ ಬಿಡೋಣ ಅಂತಿದ್ದೆ. ಅವಳ ತಾಯಿ ಕಾಗದದ ಮೇಲೆ ಕಾಗದ ಬರೆದ್ರು. ಐದು ಬಂದಿವೆ.”

ಐದು ಕಾಗದ. ನಮಸ್ಕಾರ ಬರೆಯೋಣವೆಂದು ಕೇಳಿದ್ದೆಯಲ್ಲ, ಐದು ನಮಸ್ಕಾರ!

ಏನು ಬರೆದೆ, ಹೇಳು.

ಅಕ್ಕ


ಜುಲೈ ೯

ಅಕ್ಕಾ,

ನಿನ್ನ ಕಾಗದ ಸ್ನಾನದ ಕೋಣೆಯಲ್ಲಿ ಓದಿದೆ. ನಲ್ಲಿ ಬಿಟ್ಟುಕೊಂಡು ಅತ್ತೆ, ಯಾರಿಗೂ ಕೇಳಿಸದ ಹಾಗೆ.

ಬರೆದದ್ದು ನಿಜ. ಫೆಬ್ರವರಿ, ಮಾರ್ಚ್, ಏಪ್ರಿಲ್, ಐದು ಸಲ. ನನ್ನ ಮಗಳನ್ನು ಹೇಗಾದರೂ ಕೂರಿಸಿ ಎಂದೆ. ಅಪ್ಪನಿಲ್ಲದ ಮಗು ಎಂದೆ. ಕೆಳಗೆ ಕೂರಿಸಿದರೆ ಅವಳ ಮನಸ್ಸು ಮುರಿಯುತ್ತದೆ ಎಂದೆ. ಮುರಿಯುತ್ತಿದ್ದದ್ದು ಯಾರ ಮನಸ್ಸು ಎಂದು ಈಗ ಗೊತ್ತಾಗುತ್ತಿದೆ. ಸೋಪಿನ ವಿಷಯ ದೇವರಾಣೆ ನನಗೆ ಗೊತ್ತಿರಲಿಲ್ಲ. ಆದರೆ “ಹೇಗಾದರೂ” ಎಂದವಳು ನಾನೇ ತಾನೆ?

ಹಾಗಾದರೆ ಆ ತೆಳ್ಳನೆಯ ಎಳೆ ಯಾರದು ಅಕ್ಕಾ? ಆಣೆ ಮಾಡಿ ಹೇಳುತ್ತೇನೆ ಎಂದು ಬರೆದೆನಲ್ಲ. ಎರಡು ವರ್ಷದಲ್ಲಿ ಮಗಳ ದನಿಯೇ ಮರೆತುಹೋಯಿತೇ ನನಗೆ?

ಒಂದೇ ಬೇಡಿಕೊಳ್ಳುತ್ತೇನೆ. ಚೋಟಿಗೆ ಹೇಳಬೇಡ. ಮೇಡಂ ಹೇಳಿದ ಹಾಗೆ ಆಗಲಿ. ಪಿಟೀಲು ಅವಳ ಹತ್ತಿರ ಇರಲಿ, ಕಲಿತುಬಿಡುತ್ತಾಳೆ, ಆಮೇಲೆ ಯಾರಿಗೆ ನೆನಪಿರುತ್ತದೆ? ಅವಳಿಗೆ ಆ ದಿನ ನಿಜವಾಗಿಯೇ ಇರಲಿ. ನಿನ್ನ ದೇವರಿಗೆ ನನ್ನ ಹೆಸರು ಹೇಳು, ಪಾಪ ನನಗೆ ಬರೆದುಕೊಳ್ಳಲಿ.

ತಂಗಿ


ಜುಲೈ ೨೬

ತಂಗೀ,

ನಿನ್ನ ಮಾತು ಉಳಿಸಬೇಕೆಂದೇ ಇದ್ದೆ. ಮೂರು ದಿನ ಬಾಯಿ ಕಚ್ಚಿಕೊಂಡೆ. ಆದರೆ ಹೇಳುವುದಕ್ಕೆ ಏನೂ ಉಳಿದೇ ಇರಲಿಲ್ಲ.

ಮೊನ್ನೆ ಮೇಡಂ ಹೊಸ ಕೂದಲು ಹಾಕಿಸಿದ ಕಮಾನನ್ನು ಕಳಿಸಿದ್ದರು. ಚೋಟಿ ಅದನ್ನು ಪೆಟ್ಟಿಗೆಗೆ ಹಾಕದೆ ಮೂಲೆಗೆ ನಿಲ್ಲಿಸಿದಳು. ನಾನು ಏನೂ ಗೊತ್ತಿಲ್ಲದವಳ ಹಾಗೆ, “ಯಾಕೇ, ನುಡಿಸಲ್ವಾ?” ಎಂದೆ.

“ದೊಡ್ಡಮ್ಮ, ನೀನು ಮೂಸಿ ನೋಡಿದ್ದು ನನಗೆ ಗೊತ್ತು.”

ಆಟದ ಮಧ್ಯೆ ನೀರು ಕುಡಿಯಲು ಬಂದವಳು ಬಾಗಿಲಲ್ಲಿ ನಿಂತು ನೋಡಿದ್ದಳಂತೆ. ನಿನ್ನ ಭಾವ ಹತ್ತಿ ತೆಗೆದು ನನ್ನ ಮುಖ ನೋಡಿದರು.

“ಸೋಪಿನ ವಿಷಯ ನಿನಗೆ ಯಾವಾಗ ಗೊತ್ತಾಯ್ತು?” ಎಂದೆ.

“ಅಲ್ಲೇ. ಮೊದಲನೇ ಸಲ ಎಳೆದಾಗಲೇ. ಮೇಡಂ ಕಡೆ ನೋಡಿದೆ. ನಾನು ಹೆದರಿದೀನಿ ಅಂದ್ಕೊಂಡ್ರೇನೋ, ನಿಲ್ಲಿಸಬೇಡ ಅನ್ನೋ ಥರ ತಲೆ ಆಡಿಸಿದ್ರು.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಅಳ್ತಾ ಇದ್ದೆ. ಆಮೇಲೆ ಅಮ್ಮ ರೇಡಿಯೋದಲ್ಲಿ ನನ್ನನ್ನ ಕೇಳಿದೆ ಅಂತ ಬರೆದ್ಲು. ಹೇಗೆ ಹೇಳ್ಲಿ?”

ತಂಗೀ, ಅವಳ ಕಿವಿಯ ಕೆಳಗೇ ಇರುವ ಪಿಟೀಲು ಅದು. ದನಿ ಬಂತೋ ಇಲ್ಲವೋ ಎಂದು ಅವಳಿಗೆ ತಿಳಿಯದೆ ಇರುತ್ತದೆಯೇ? ಮೇಡಂ, ನಾನು, ನೀನು, ಮೂವರು ದೊಡ್ಡವರಿಗೂ ಇದು ತೋಚಲಿಲ್ಲ ನೋಡು. ನಾನು ನಿನ್ನಿಂದ ಮುಚ್ಚಿಟ್ಟೆ, ನೀನು ನನ್ನಿಂದ ಮುಚ್ಚಿಟ್ಟೆ, ಎಲ್ಲರಿಂದ ಮುಚ್ಚಿಟ್ಟುಕೊಂಡು ಎರಡೂವರೆ ತಿಂಗಳು ಹೊತ್ತದ್ದು ಅವಳು.

ಮೇಡಂ ಹೇಳಿದ್ದನ್ನು ಬಿಡಿಸಿ ಹೇಳಿದೆ. ಸುಮ್ಮನಿದ್ದರೆ ಪಿಟೀಲು ಉಳಿಯುತ್ತದೆ, ಹೇಳಿದರೆ ಹೋಗುತ್ತದೆ. ನಿನ್ನ ಭಾವ, “ಇಟ್ಕೋ ಮಗು, ನಿನ್ನಿಂದ ನಾನು ಹತ್ತಿಗೆ ಹೊಂದಿಕೊಂಡಿದೀನಿ” ಎಂದರು. ಅವಳು ನಗಲಿಲ್ಲ. “ಎರಡನೇ ತರಗತಿಯಲ್ಲೂ ನನಗೆ ಬರದೆ ಹೋದ್ರೆ, ಆಗಲೂ ಸೋಪು ಹಾಕ್ತಾರಾ?” ಎಂದು ಕೇಳಿದಳು. ಯಾವ ಪ್ರಾರ್ಥನೆಯಲ್ಲೂ ಇದಕ್ಕೆ ಉತ್ತರ ಇಲ್ಲ.

ನಿನ್ನೆ ಅವಳೇ ಪೆಟ್ಟಿಗೆ ಹೊತ್ತು ಮೇಳದ ಆಫೀಸಿನ ಆ ಚಿಕ್ಕ ಕೋಣೆಗೆ ಹೋದಳು, ನಾನು ಬರೀ ಹಿಂದೆ ನಡೆದೆ. ಮೇಜಿನ ಮೇಲಿಟ್ಟು, “ಮೇಡಂ, ನಾನು ಮತ್ತೆ ಒಂದನೇ ತರಗತಿಗೆ ಬರ್ತೀನಿ” ಎಂದಳು. ಮೇಡಂ ಅವಳ ಮುಂದೆ ಮೊಣಕಾಲೂರಿ ಕ್ಷಮೆ ಕೇಳಿದರು. ಮಿಕ್ಕ ಮೂವರ ಮನೆಗೂ ತಾವೇ ಹೋಗಿ ಹೇಳುತ್ತಾರಂತೆ. ಮೇಲಿನವರು ಏನೆನ್ನುತ್ತಾರೋ, ಅವರ ಕೆಲಸ ಉಳಿಯುತ್ತದೋ ಇಲ್ಲವೋ. ಅವರ ಹೆಸರನ್ನೂ ಪ್ರಾರ್ಥನೆಗೆ ಸೇರಿಸಿದ್ದೇನೆ.

ಈ ವರ್ಷ ಒಂದನೇ ತರಗತಿಗೆ ಪಿಟೀಲು ಸಾಲದು, ಹೋದ ವರ್ಷದವು ಎರಡನೇ ತರಗತಿಯವರ ಮನೆಯಲ್ಲಿವೆ. ಇಬ್ಬರಿಗೆ ಒಂದು, ಮನೆಗೆ ಒಯ್ಯುವ ಹಾಗಿಲ್ಲ. ಆಗಸ್ಟಿನಿಂದ ಶನಿವಾರ ಪಾಠಕ್ಕೆ ಮುಂಚೆ ಅರ್ಧ ಗಂಟೆ ಇವಳ ಸರದಿ. ಮನೆ ಬಿಕೋ ಎನ್ನುತ್ತದೆ. ನಿನ್ನೆ ಸಂಜೆ ಆರಕ್ಕೆ ನಿನ್ನ ಭಾವ ಸುಮ್ಮನೆ ನಲ್ಲಿ ತಿರುಗಿಸುತ್ತಾ ಕೂತಿದ್ದರು.

ಅವಳು ಬರೆದ ಚೀಟಿ ಒಳಗಿದೆ. ನಾನು ತಿದ್ದಿಲ್ಲ.

ದೇವರು ಒಳ್ಳೆಯದು ಮಾಡಲಿ.

ಅಕ್ಕ

(ಚೀಟಿ)

ಅಮ್ಮಾ, ರೇಡಿಯೋದಲ್ಲಿ ನೀನು ಕೇಳಿದ್ದು ನಾನಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ. ಅವಳು ಚೆನ್ನಾಗಿ ನುಡಿಸ್ತಾಳೆ. ನನ್ನ ಕಮಾನಿಗೆ ದನಿ ಇದ್ದಿದ್ರೂ ಆ ಜಾಗದಲ್ಲಿ ನನಗೆ ತಪ್ಪೋದು. ಅಲ್ಲಿ ಮೂರನೇ ಬೆರಳು ಯಾವಾಗಲೂ ಆಚೆ ಹೋಗುತ್ತೆ. ಒಂದನೇ ತರಗತಿಗೆ ಬರೋರೆಲ್ಲ ನನಗಿಂತ ಕುಳ್ಳ ಅಂತೆ. ನಾನೇ ಎತ್ತರ! ನಿನಗೆ ಬೇಜಾರಾಯ್ತಾ? ಅಜ್ಜ ಅಜ್ಜಿಯರಿಗೆ ಏನು ಹೇಳ್ತೀಯ?


ಆಗಸ್ಟ್ ೮

ಅಕ್ಕಾ,

ಚೋಟಿ ಕೇಳಿದ್ದಳಲ್ಲ, ಹೇಳಿದೆ. ಭಾನುವಾರ ಊಟದ ಕೋಣೆಯಲ್ಲಿ ಎಲ್ಲರೂ ಇದ್ದಾಗ ಎದ್ದು ನಿಂತು ಹೇಳಿದೆ. ಕಮಾನು, ಸೋಪು, ನನ್ನ ಐದು ಕಾಗದ, ಎಲ್ಲ. ಮೊದಲ ಸಾಲು ಎಂದದ್ದೂ ಸುಳ್ಳು ಎಂದೆ. ಕಿವುಡಜ್ಜನಿಗೆ ಎರಡು ಸಲ ಕೂಗಿ ಹೇಳಬೇಕಾಯಿತು, ಅವಮಾನವೂ ಎರಡು ಸಲ ಆಯಿತು. ಅವರು ನನ್ನನ್ನು ಹತ್ತಿರ ಕರೆದು, “ನನಗೂ ಏನೂ ಕೇಳಿಸಿರಲಿಲ್ಲ ಬಿಡಮ್ಮ. ನೀನು ಅಷ್ಟು ಕುಣೀತಿದ್ದೆ, ತಲೆ ಆಡಿಸದೆ ಇದ್ರೆ ಚೆನ್ನಾಗಿರಲ್ಲ ಅಂತ ಆಡಿಸಿದೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಅತ್ತೆ.

ಹೆಡ್ ಮೇಡಂ ಅಜ್ಜಿ ನಗಲಿಲ್ಲ. “ಮಗು ಮತ್ತೆ ಒಂದನೇ ತರಗತಿಗೆ ತಾನಾಗೇ ಹೋಯ್ತಾ?” ಎಂದು ಕೇಳಿದರು. ಹೌದೆಂದೆ. “ಮೂವತ್ತೈದು ವರ್ಷದಲ್ಲಿ ಅಂಥದ್ದೊಂದನ್ನ ನಾನು ನೋಡಲಿಲ್ಲ” ಎಂದು ಊಟಕ್ಕೆ ಕೈ ಹಾಕಿದರು.

ಆಮೇಲೆ ರಜೆ ಕೇಳಿದೆ. ಇಷ್ಟು ದಿನ ಯಾಕೆ ಕೇಳಲಿಲ್ಲ ಗೊತ್ತೇ? ಬರಿಗೈಯಲ್ಲಿ ಹೇಗೆ ಹೋಗಲಿ, ಮಗಳು ಏನಾದರೂ ಆಗಲಿ, ಆಗ ಹೋಗುತ್ತೇನೆ ಎಂದುಕೊಂಡಿದ್ದೆ. ಇದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ, ರಜೆ ಕೊಡುವುದಿಲ್ಲ ಎಂದು ಸುಳ್ಳು ಬರೆಯುತ್ತಿದ್ದೆ. ಕೇಳಿದ ದಿನವೇ ಕೊಟ್ಟರು ಅಕ್ಕಾ. ರೈಲಿನ ದಾರಿ ಬಿಟ್ಟು ನಾಲ್ಕು ದಿನ.

ಇಪ್ಪತ್ತೊಂದರ ಶುಕ್ರವಾರ ಬರುತ್ತೇನೆ. ಶನಿವಾರ ಪಾಠಕ್ಕೆ ಮುಂಚಿನ ಅವಳ ಅರ್ಧ ಗಂಟೆಯಲ್ಲಿ ಆ ಕಿಟಕಿಯ ಹೊರಗೆ ನಿಲ್ಲುತ್ತೇನೆ. ಕಣ್ಣು ಮುಚ್ಚಿ ನಿಲ್ಲುತ್ತೇನೆ. ಮೂರನೇ ಬೆರಳು ಆಚೆ ಹೋದದ್ದು ಕೇಳಿದರೆ ಸಾಕು, ಅವಳೇ ಎಂದು ತಿಳಿಯುತ್ತದೆ.

ನಾನು ಬರುವುದನ್ನು ಚೋಟಿಗೆ ಹೇಳಬೇಡ, ಅಲ್ಲೇ ಗೊತ್ತಾಗಲಿ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದ್ದೇನೆ. ಹೇಳು. ಈಗಲೇ ಕರೆದು ಹೇಳು.

ತಂಗಿ